ಸೈಟ್ ನಿಂತಿದೆ, ಸಿಪಿಯು 100: ರೀಸ್ಟಾರ್ಟ್ ಒತ್ತುವ ಮುಂಚೆ

"ಸರ್, ಸೈಟ್ ಓಪನ್ ಆಗವಲ್ದು, ಸ್ವಲ್ಪ ನೋಡ್ರಿ." ಬಳ್ಳಾರಿಯ ಜೀನ್ಸ್ ಅಂಗಡಿಯಿಂದಲೋ, ರಾಯಚೂರಿನ ಹತ್ತಿ ಧಾರಣೆ ಹಾಕುವ ಪೋರ್ಟಲ್‌ನಿಂದಲೋ, ಆನೆಗೊಂದಿಯ ಹೋಮ್‌ಸ್ಟೇಯಿಂದಲೋ ಇಂಥ ಫೋನ್ ಬಂತೆಂದರೆ ಸರ್ವರ್ ನೋಡಿಕೊಳ್ಳುವವರ ಕೈ ಮೊದಲು ಹೋಗುವುದು ರೀಸ್ಟಾರ್ಟ್ ಬಟನ್‌ಗೆ. ಅದರಿಂದ ಆಗದಿದ್ದರೆ ಎರಡು ಕೋರ್‌ನ (ಕೋರ್ ಎಂದರೆ ಸಿಪಿಯು ಒಳಗಿನ ಒಂದು ಕೆಲಸದ ಘಟಕ) ಪ್ಲಾನ್ ನಾಲ್ಕು ಕೋರ್‌ಗೆ ಏರುತ್ತದೆ, ಮಾಲೀಕರ ಬಿಲ್ಲೂ ಜೊತೆಗೇ ಏರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಚಿಕ್ಕ ಸೈಟ್‌ಗಳಲ್ಲಿ ಸಿಪಿಯು ತುಂಬುವುದು ಹೆಚ್ಚಿನ ಸಲ ಗಿರಾಕಿಗಳಿಂದ ಅಲ್ಲ. ಬಾಟ್‌ಗಳಿಂದ (ತಾವಾಗಿಯೇ ಸೈಟ್ ಸುತ್ತುವ ಪ್ರೋಗ್ರಾಂಗಳು), ಇಂಡೆಕ್ಸ್ (ಸಾಲು ಬೇಗ ಹುಡುಕಲು ಇಟ್ಟ ಸೂಚಿ) ಇಲ್ಲದ ಒಂದು ಕ್ವೆರಿಯಿಂದ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ), ಕ್ಯಾಶ್ (ಮೊದಲೇ ಸಿದ್ಧ ಮಾಡಿಟ್ಟ ಪ್ರತಿ) ಇಲ್ಲದ ಒಂದು ಪುಟದಿಂದ. ಯಾವುದರಿಂದ ಎಂಬುದು ಹತ್ತು ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತದೆ, ಸಾಕ್ಷಿ ಉಳಿದಿದ್ದರೆ. ರೀಸ್ಟಾರ್ಟ್ ಮಾಡಿದರೆ ಮೊದಲು ಹೋಗುವುದೇ ಆ ಸಾಕ್ಷಿ.

ಇಲ್ಲಿ ಹೇಳುವುದು ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಮೇಲೆ ಎಂಜಿನ್‌ಎಕ್ಸ್ (ಪುಟ ಕಳಿಸುವ ವೆಬ್ ಸರ್ವರ್), ಪಿಎಚ್‌ಪಿ-ಎಫ್‌ಪಿಎಂ (ಸೈಟ್‌ನ ಪಿಎಚ್‌ಪಿ ಕೋಡ್ ಓಡಿಸುವ ಸರ್ವಿಸ್), ಮೈಎಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ ಡೇಟಾಬೇಸ್, ವರ್ಡ್‌ಪ್ರೆಸ್ ಇರುವ ಸರ್ವರ್ ಬಗ್ಗೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್) ಒಳಗೆ ಹೋದ ಕೂಡಲೇ ಮೂರು ಸಂಗತಿಗಳನ್ನು ಫೈಲ್‌ಗೆ ಇಳಿಸಿ: ಟಾಪ್‌ನ (ಯಾವ ಪ್ರೊಸೆಸ್ ಎಷ್ಟು ಸಿಪಿಯು ತಿನ್ನುತ್ತಿದೆ ಎಂದು ತೋರಿಸುವ ಕಮಾಂಡ್) ಔಟ್‌ಪುಟ್, ಡೇಟಾಬೇಸ್‌ನ ಶೋ ಫುಲ್ ಪ್ರೊಸೆಸ್‌ಲಿಸ್ಟ್ (ಈಗ ಓಡುತ್ತಿರುವ ಕ್ವೆರಿಗಳ ಪಟ್ಟಿ), ಆಕ್ಸೆಸ್ ಲಾಗ್‌ನ (ಯಾರು ಯಾವ ಪುಟ ಕೇಳಿದರು ಎಂಬ ದಾಖಲೆ) ಕೊನೆಯ 5000 ಸಾಲು. ಟಾಪ್ ಅನ್ನು ಫೈಲ್‌ಗೆ ಹಾಕಲು -ಬಿ -ಎನ್ 3 ಕೊಡಿ, ಮೂರನೇ ಸುತ್ತನ್ನೇ ನೋಡಿ. ಮೊದಲ ಸುತ್ತಿನ ಶೇಕಡಾ ಈ ಕ್ಷಣದ ಚಿತ್ರ ಕೊಡುವುದಿಲ್ಲ. ಪಿಎಸ್ ಎಯುಎಕ್ಸ್ ಬಳಸುವವರು ಇನ್ನೂ ಎಚ್ಚರ ವಹಿಸಬೇಕು. ಅದು ತೋರಿಸುವ ಸಿಪಿಯು ಶೇಕಡಾ ಆ ಪ್ರೊಸೆಸ್ ಹುಟ್ಟಿದಂದಿನಿಂದ ಇಲ್ಲಿಯವರೆಗಿನ ಸರಾಸರಿ. ಹತ್ತು ದಿನದಿಂದ ಓಡುತ್ತಿರುವ ಮೈಎಸ್‌ಕ್ಯೂಎಲ್ ಈಗ ಎರಡೂ ಕೋರ್ ತಿನ್ನುತ್ತಿದ್ದರೂ ಪಿಎಸ್ ಅದಕ್ಕೆ ಶೇ. 4 ಎಂದು ಬರೆದಿರಬಹುದು. ಅದನ್ನು ನಂಬಿ ಡೇಟಾಬೇಸ್ ಸರಿಯಿದೆ ಎಂದುಕೊಂಡರೆ ದಾರಿ ತಪ್ಪಿದಂತೆಯೇ.

ಒಂದು ಕಮಾಂಡ್ ಹೊಡೆಯುವುದೂ ಕಷ್ಟವಾಗುವಷ್ಟು ಸರ್ವರ್ ಸುಸ್ತಾಗಿದ್ದರೆ ಇಡೀ ಮೆಷಿನ್ ರೀಸ್ಟಾರ್ಟ್ ಮಾಡಬೇಡಿ. ಪಿಎಚ್‌ಪಿ-ಎಫ್‌ಪಿಎಂ ಸರ್ವಿಸ್ ಒಂದನ್ನೇ ನಿಲ್ಲಿಸಿ. ಸೈಟ್‌ನಲ್ಲಿ 502 ಎಂಬ ದೋಷ ಕಾಣುತ್ತದೆ, ಆದರೆ ಲಾಗ್ ಬರೆಯುವುದು ನಿಲ್ಲುವುದಿಲ್ಲ. ಪಿಎಚ್‌ಪಿ ನಿಂತ ಮೇಲೂ ಡೇಟಾಬೇಸ್ ಉರಿಯುತ್ತಲೇ ಇದ್ದರೆ ಅಲ್ಲೊಂದು ಹಳೆಯ ಕ್ವೆರಿ ಸಿಕ್ಕಿಕೊಂಡಿದೆ ಎಂದು ಅರ್ಥ.

ಸಮಯದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಬಾಡಿಗೆ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಮಾಲೀಕರು ಬೆಳಗ್ಗೆ 11ಕ್ಕೆ ನಿಂತಿತು ಎಂದರೆ ಲಾಗ್‌ನಲ್ಲಿ ಹುಡುಕಬೇಕಾದ್ದು 05:30. ಮಧ್ಯರಾತ್ರಿ 12ಕ್ಕೆ ಎಂದು ಇಟ್ಟ ಬ್ಯಾಕಪ್ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ಇಲ್ಲಿ ಓಡುವುದು ಬೆಳಗಿನ ಐದೂವರೆಗೆ. ರಾತ್ರಿ 4ಕ್ಕೆ ಎಂದು ಇಟ್ಟದ್ದು ನಮ್ಮ ಬೆಳಗಿನ ಒಂಬತ್ತೂವರೆಗೆ, ಅಂದರೆ ಸರಿಯಾಗಿ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ. ದಿನಾ ಒಂದೇ ಹೊತ್ತಿಗೆ ಸಿಪಿಯು ಏರುತ್ತಿದ್ದರೆ ಮೊದಲು ಕ್ರಾನ್‌ಟ್ಯಾಬ್ ನೋಡಿ. ಬ್ಯಾಕಪ್‌ನ ಜಿಜಿಪ್‌ಗೆ (ಫೈಲ್ ಕುಗ್ಗಿಸುವ ಕಮಾಂಡ್) ನೈಸ್ 19, ಐಓನೈಸ್ -ಸಿ 3 ಹಚ್ಚಿದರೆ ಅದು ಬೇರೆ ಕೆಲಸಕ್ಕೆ ದಾರಿ ಬಿಟ್ಟುಕೊಡುತ್ತದೆ.

ಟಾಪ್‌ನ ಮೊದಲ ಸಾಲಿನಲ್ಲಿ ಕಾಣುವ ಲೋಡ್ ಆವರೇಜ್‌ನ (ಓಡುತ್ತಿರುವ ಮತ್ತು ಸರದಿಯಲ್ಲಿರುವ ಕೆಲಸಗಳ ಸರಾಸರಿ) ಮೂರು ಸಂಖ್ಯೆಗಳು ಕಳೆದ 1, 5 ಮತ್ತು 15 ನಿಮಿಷದವು. ಎನ್‌ಪ್ರಾಕ್ ಎಂದು ಹೊಡೆದರೆ ಎಷ್ಟು ಕೋರ್ ಎಂದು ತಿಳಿಯುತ್ತದೆ. ಎರಡು ಕೋರ್‌ಗೆ ಲೋಡ್ 2 ಎಂದರೆ ಕೈತುಂಬ ಕೆಲಸ, 8 ಎಂದರೆ ಎರಡು ನಡೆಯುತ್ತಿವೆ, ಆರು ಸರದಿಯಲ್ಲಿವೆ. ಆದರೆ ಲಿನಕ್ಸ್ ಈ ಲೆಕ್ಕಕ್ಕೆ ಡಿಸ್ಕ್‌ಗಾಗಿ ಕಾಯುತ್ತ ನಿಂತ ಪ್ರೊಸೆಸ್‌ಗಳನ್ನೂ ಸೇರಿಸುತ್ತದೆ. ಹಾಗಾಗಿ ಲೋಡ್ 12 ಇದ್ದು ಸಿಪಿಯು ಅರ್ಧ ಖಾಲಿ ಇರುವುದೂ ಉಂಟು. ಅದು ಸಿಪಿಯು ರೋಗವೇ ಅಲ್ಲ. ಇನ್ನೊಂದು ಗೊಂದಲ: ಟಾಪ್‌ನಲ್ಲಿ ಒಂದು ಪ್ರೊಸೆಸ್‌ನ ಎದುರು 100 ಎಂದಿದ್ದರೆ ಅದು ಒಂದು ಕೋರ್‌ನ 100, ಇಡೀ ಮೆಷಿನ್‌ನದ್ದಲ್ಲ. ನಾಲ್ಕು ಕೋರ್‌ನಲ್ಲಿ 400ರವರೆಗೂ ಹೋಗಬಹುದು.

ಟಾಪ್‌ನ ಮೇಲ್ಭಾಗದ ಸಿಪಿಯು ಸಾಲನ್ನು ನಿಧಾನವಾಗಿ ಓದಿ, ರೋಗದ ಜಾತಿ ಅಲ್ಲೇ ಇದೆ. ಯುಎಸ್ ಹೆಚ್ಚಿದ್ದರೆ ಪಿಎಚ್‌ಪಿಯೋ ಡೇಟಾಬೇಸೋ ನಿಜವಾಗಿ ಕೆಲಸ ಮಾಡುತ್ತಿದೆ. ಡಬ್ಲ್ಯುಎ ಹೆಚ್ಚಿದ್ದರೆ ಡಿಸ್ಕ್ ನಿಧಾನ. ಎಸ್‌ವೈ ಹೆಚ್ಚಿದ್ದು ಪಟ್ಟಿಯ ಮೇಲ್ತುದಿಯಲ್ಲಿ ಕೆಸ್ವಾಪ್‌ಡಿ0 (ಮೆಮೊರಿ ಸಾಲದಾಗ ಅದರಲ್ಲಿದ್ದದ್ದನ್ನು ಡಿಸ್ಕ್‌ಗೆ ಸಾಗಿಸುವ ಪ್ರೊಸೆಸ್) ಕಂಡರೆ ಕೊರತೆ ಮೆಮೊರಿಯದ್ದು. ವಿಎಂಸ್ಟ್ಯಾಟ್ 1 ಓಡಿಸಿ, ಎಸ್‌ಐ ಮತ್ತು ಎಸ್‌ಓ ಕಾಲಂಗಳಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಎಡೆಬಿಡದೆ ಬರುತ್ತಿದ್ದರೆ ಅದೇ ಖಾತ್ರಿ. ಇಂಥಲ್ಲಿ ಕೋರ್ ಹೆಚ್ಚಿಸಿ ಪ್ರಯೋಜನ ಇಲ್ಲ.

ಎಸ್‌ಟಿ, ಅಂದರೆ ಸ್ಟೀಲ್, ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಮ್ಮ ವರ್ಚುವಲ್ ಮೆಷಿನ್‌ಗೆ ಕೆಲಸ ಇದ್ದರೂ ಹೋಸ್ಟ್ (ಅದನ್ನು ಹೊತ್ತಿರುವ ನಿಜವಾದ ಮೆಷಿನ್) ಸಿಪಿಯು ಕೊಡದ ಹೊತ್ತು ಅದು. ಒಂದೆರಡು ಇದ್ದರೆ ಚಿಂತೆ ಬೇಡ. ಹತ್ತರ ಮೇಲೆ ಗಂಟೆಗಟ್ಟಲೆ ನಿಂತರೆ ನಿಮ್ಮ ಕೋಡ್‌ನಲ್ಲಿ ಹುಡುಕಿ ಫಲವಿಲ್ಲ, ಹೋಸ್ಟಿಂಗ್‌ನವರಿಗೆ ಟಾಪ್‌ನ ಫೈಲ್ ಸಮೇತ ಟಿಕೆಟ್ ಹಾಕಿ. ಅಮೆಜಾನ್‌ನ ಟಿ3 ಮೈಕ್ರೊ ಥರದ ಮೆಷಿನ್‌ಗಳಲ್ಲಿ ಕಾರಣ ಬೇರೆ. ಅಲ್ಲಿ ಎರಡು ವಿಸಿಪಿಯು (ವರ್ಚುವಲ್ ಸಿಪಿಯು) ಕಂಡರೂ ಒಂದೊಂದಕ್ಕೆ ಶೇ. 10 ಮಾತ್ರ ಕಾಯಂ ಪಾಲು. ಗಂಟೆಗೆ 12 ಕ್ರೆಡಿಟ್ ಜಮಾ ಆಗುತ್ತದೆ; ಒಂದು ಕ್ರೆಡಿಟ್ ಎಂದರೆ ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ಓಡುವಷ್ಟು. ಎರಡೂ ಪೂರ್ತಿ ಓಡಿದರೆ ಗಂಟೆಯಿಡೀ ಗಳಿಸಿದ್ದು ಆರೇ ನಿಮಿಷಕ್ಕೆ ಖಾಲಿ. ಆಮೇಲೆ ಸ್ಟ್ಯಾಂಡರ್ಡ್ ಮೋಡ್‌ನಲ್ಲಿದ್ದರೆ ವೇಗ ಇಳಿಯುತ್ತದೆ, ಅನ್‌ಲಿಮಿಟೆಡ್‌ನಲ್ಲಿದ್ದರೆ ಬಿಲ್ ಏರುತ್ತದೆ. "ಬೆಳಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನದ ಮೇಲೆ ಎಳೆಯುತ್ತೆ" ಎಂಬ ದೂರು ಬಂದರೆ ಮೊದಲು ಕ್ರೆಡಿಟ್ ಬ್ಯಾಲೆನ್ಸ್‌ನ ಗ್ರಾಫ್ ತೆರೆಯಿರಿ.

ಈಗ ಪ್ರೊಸೆಸ್‌ಗಳು. ಟಾಪ್ ಓಡುತ್ತಿರುವಾಗ ದೊಡ್ಡ ಪಿ ಒತ್ತಿದರೆ ಸಿಪಿಯು ಪ್ರಕಾರ ಸಾಲಾಗುತ್ತವೆ, ಚಿಕ್ಕ ಸಿ ಒತ್ತಿದರೆ ಪೂರ್ತಿ ಕಮಾಂಡ್ ಕಾಣುತ್ತದೆ. ಸಾಲುಸಾಲಾಗಿ ಪಿಎಚ್‌ಪಿ-ಎಫ್‌ಪಿಎಂ ನಿಂತಿದ್ದರೆ ಆಕ್ಸೆಸ್ ಲಾಗ್‌ಗೆ ಹೋಗಿ. ಮೈಎಸ್‌ಕ್ಯೂಎಲ್‌ಡಿ ಒಂದೇ ಮೇಲೆ ನಿಂತಿದ್ದರೆ ಕ್ವೆರಿಗಳಿಗೆ ಹೋಗಿ.

ಆಕ್ಸೆಸ್ ಲಾಗ್‌ನಲ್ಲಿ ಮೊದಲ ಕಾಲಂ ಕೇಳಿದವರ ಐಪಿ (ಇಂಟರ್‌ನೆಟ್ ವಿಳಾಸ), ಏಳನೆಯದು ಕೇಳಿದ ಪುಟ, ಒಂಬತ್ತನೆಯದು ಉತ್ತರದ ಕೋಡ್. ಆಕ್‌ನಿಂದ ಏಳನೇ ಕಾಲಂ ತೆಗೆದು ಸಾರ್ಟ್‌ಗೆ, ಅಲ್ಲಿಂದ ಯುನಿಕ್ -ಸಿಗೆ, ಮತ್ತೆ ಸಾರ್ಟ್ -ಎನ್‌ಆರ್‌ಗೆ, ಕೊನೆಗೆ ಹೆಡ್‌ಗೆ ಪೈಪ್ ಮಾಡಿದರೆ ಹೆಚ್ಚು ಕೇಳಿದ ಹತ್ತು ಪುಟಗಳು ಎದುರಿಗೆ. ಅದನ್ನೇ ಮೊದಲ ಕಾಲಂಗೆ ಮಾಡಿ. ಕ್ಲೌಡ್‌ಫ್ಲೇರ್ (ಗಿರಾಕಿ ಮತ್ತು ಸರ್ವರ್ ನಡುವೆ ನಿಲ್ಲುವ ಸೇವೆ) ಹಿಂದೆ ಇರುವ ಸೈಟಾದರೆ ಲಾಗ್‌ನಲ್ಲಿ ಕಾಣುವುದು ಕ್ಲೌಡ್‌ಫ್ಲೇರ್‌ನದೇ ಐಪಿಗಳು. ಎಂಜಿನ್‌ಎಕ್ಸ್‌ನ ರಿಯಲ್ ಐಪಿ ಮಾಡ್ಯೂಲ್ ಹೊಂದಿಸದೆ ಅವನ್ನು ಬ್ಲಾಕ್ ಮಾಡಿದರೆ ಎಲ್ಲ ಗಿರಾಕಿಗಳಿಗೂ ಬಾಗಿಲು ಮುಚ್ಚಿದ ಹಾಗಾಗುತ್ತದೆ.

ಡಬ್ಲ್ಯುಪಿ-ಲಾಗಿನ್ (ವರ್ಡ್‌ಪ್ರೆಸ್‌ನ ಲಾಗಿನ್ ಪುಟ) ಅಥವಾ ಎಕ್ಸ್‌ಎಂಎಲ್‌ಆರ್‌ಪಿಸಿ (ಹೊರಗಿನ ಆ್ಯಪ್‌ಗಳು ಬರುವ ಬಾಗಿಲು) ಮೇಲೆ ಸಾವಿರಾರು ಪೋಸ್ಟ್ ರಿಕ್ವೆಸ್ಟ್‌ಗಳಿದ್ದರೆ ಯಾರೋ ಪಾಸ್‌ವರ್ಡ್ ತಡಕಾಡುತ್ತಿದ್ದಾರೆ. ಅವರು ಒಳಗೆ ಬರದಿದ್ದರೂ ಪೆಟ್ಟು ಬೀಳುತ್ತದೆ: ಪ್ರತಿ ಯತ್ನಕ್ಕೂ ವರ್ಡ್‌ಪ್ರೆಸ್ ಪೂರ್ತಿ ಎದ್ದು ನಿಲ್ಲಬೇಕು, ಇರುವ ಬಳಕೆದಾರರ ಹೆಸರು ಹೊಡೆದಿದ್ದರೆ ಪಾಸ್‌ವರ್ಡ್‌ನ ಹ್ಯಾಶ್ (ತಾಳೆ ನೋಡಲು ಇಟ್ಟ ಗೂಢ ರೂಪ) ಕೂಡ ಲೆಕ್ಕ ಹಾಕಬೇಕು. ಹ್ಯಾಶ್ ಲೆಕ್ಕ ಬೇಕೆಂದೇ ಭಾರವಾಗಿ ಮಾಡಿರುವ ಕೆಲಸ; ವರ್ಡ್‌ಪ್ರೆಸ್ 6.8ರಿಂದ ಅದು ಬಿಕ್ರಿಪ್ಟ್ ಎಂಬ ವಿಧಾನ. ಆದ್ದರಿಂದ ಪ್ಲಗಿನ್‌ನಿಂದ ತಡೆಯುವುದಕ್ಕಿಂತ ಎಂಜಿನ್‌ಎಕ್ಸ್‌ನಲ್ಲೇ ತಡೆಯುವುದು ಎಷ್ಟೋ ಹಗುರ. ಪ್ಲಗಿನ್ ಕೆಲಸ ಶುರು ಮಾಡಬೇಕಾದರೆ ಪಿಎಚ್‌ಪಿ ಆಗಲೇ ಎದ್ದಿರುತ್ತದೆ. ಜೆಟ್‌ಪ್ಯಾಕ್ ಪ್ಲಗಿನ್, ವರ್ಡ್‌ಪ್ರೆಸ್‌ನ ಮೊಬೈಲ್ ಆ್ಯಪ್ ಬಳಸದಿದ್ದರೆ ಎಕ್ಸ್‌ಎಂಎಲ್‌ಆರ್‌ಪಿಸಿಗೆ ಡಿನೈ ಆಲ್ ಹಾಕಿ. ಲಾಗಿನ್‌ಗೆ ಲಿಮಿಟ್ ರಿಕ್ವೆಸ್ಟ್ (ಒಂದು ಐಪಿಗೆ ಇಷ್ಟೇ ಸಲ ಎಂಬ ಮಿತಿ) ಇಡಿ: ಎಣಿಕೆ ಇಡುವ ಜೋನ್ 10 ಎಂಬಿ, ನಿಮಿಷಕ್ಕೆ 6, ಒಮ್ಮೆಲೇ ಬಂದರೆ ತಾಳಿಕೊಳ್ಳುವ ಬರ್ಸ್ಟ್ 5, ಮೀರಿದವರಿಗೆ ಸ್ಟೇಟಸ್ 429. ಸ್ಟೇಟಸ್ ಹೇಳದಿದ್ದರೆ ಎಂಜಿನ್‌ಎಕ್ಸ್ 503 ಕೊಡುತ್ತದೆ, ಆಮೇಲೆ ಅದೇ 503 ನೋಡಿ ಸರ್ವರ್ ಬಿತ್ತೆಂದು ಗಾಬರಿಯಾಗುವವರು ನೀವೇ.

ಆದರೆ ಇದೇ ಮಿತಿಯನ್ನು ಇಡೀ ಸೈಟ್‌ಗೆ ಹಾಕಬೇಡಿ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಐಪಿವಿ4 ವಿಳಾಸದ ಹಿಂದೆ ಕೂರಿಸುತ್ತವೆ. ಸಿಂಧನೂರು, ಮಾನ್ವಿ, ಲಿಂಗಸುಗೂರಿನ ರೈತರು ಒಂದೇ ಹೊತ್ತಿಗೆ ಧಾರಣೆ ನೋಡಿದರೆ ನಿಮ್ಮ ಲಾಗ್‌ನಲ್ಲಿ ಅದು ಒಂದೇ ಐಪಿಯ ದಾಳಿಯಂತೆ ಕಾಣಬಹುದು. ಬ್ಲಾಕ್ ಮಾಡುವ ಮುಂಚೆ ಆ ಐಪಿಯಿಂದ ಬಂದ ಯೂಸರ್ ಏಜೆಂಟ್‌ಗಳನ್ನು (ಬ್ರೌಸರ್ ತನ್ನ ಗುರುತು ಹೇಳುವ ಸಾಲು) ಎಣಿಸಿ: ನೂರಾರು ಬಗೆಯ ಆ್ಯಂಡ್ರಾಯ್ಡ್ ಫೋನ್‌ಗಳು, ಚಿತ್ರ ಮತ್ತು ಸಿಎಸ್‌ಎಸ್ ಸಮೇತ ಇಳಿಸಿಕೊಂಡಿದ್ದರೆ ಅವರು ಜನ. ಎಲ್ಲ ಒಂದೇ ಏಜೆಂಟ್, ಎಚ್‌ಟಿಎಂಎಲ್ ಬಿಟ್ಟು ಬೇರೇನೂ ಮುಟ್ಟಿಲ್ಲ ಎಂದರೆ ಬಾಟ್. ಐಪಿವಿ6ನಲ್ಲಿ ಒಂದೊಂದೇ ವಿಳಾಸ ತಡೆದು ಉಪಯೋಗವಿಲ್ಲ, ಒಬ್ಬ ಗಿರಾಕಿಗೇ /64 ಬ್ಲಾಕ್ (ವಿಳಾಸಗಳ ದೊಡ್ಡ ಗುಂಪು) ಸಿಕ್ಕಿರುತ್ತದೆ. ತಡೆಯುವುದಾದರೆ ಆ ಬ್ಲಾಕನ್ನೇ ತಡೆಯಿರಿ.

ಕನ್ನಡ ಸೈಟ್‌ಗಳಿಗೇ ಸೇರಿದ ಒಂದು ಮಾತು ಇಲ್ಲಿದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಲಿಂಕ್ ಕೂಡ ಕನ್ನಡದಲ್ಲಿರುತ್ತದೆ, ಲಾಗ್‌ನಲ್ಲಿ ಅದು %ಇ0%ಬಿ2 ಎಂದು ಶುರುವಾಗುವ ಉದ್ದದ ಸಾಲಾಗಿ ಬೀಳುತ್ತದೆ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಒಂದು ಚಿಹ್ನೆಗೆ 3 ಬೈಟ್, ಎನ್‌ಕೋಡ್ ಆದಾಗ 9 ಅಕ್ಷರ. "ಹತ್ತಿ" ಎಂಬ ಎರಡಕ್ಷರದ ಪದದಲ್ಲಿ ಹ, ತ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ತ, ಇಕಾರದ ಗುಡಿಸು ಸೇರಿ ಐದು ಚಿಹ್ನೆ, ಅಂದರೆ ಲಾಗ್‌ನಲ್ಲಿ 45 ಅಕ್ಷರ. ಹೊಸಬರು ಇದನ್ನು ನೋಡಿ ಹ್ಯಾಕಿಂಗ್ ಎಂದುಕೊಂಡು ಫೈರ್‌ವಾಲ್‌ನಲ್ಲಿ "ಶೇಕಡಾ ಚಿಹ್ನೆ ಹೆಚ್ಚಿರುವುದನ್ನು ತಡೆ" ಎಂದು ನಿಯಮ ಬರೆದರೆ ಸೈಟ್‌ನ ಅರ್ಧ ಲೇಖನಗಳೇ ಮಾಯ. ಜೊತೆಗೆ ವರ್ಡ್‌ಪ್ರೆಸ್‌ನ ಸ್ಲಗ್ (ಲಿಂಕ್‌ನಲ್ಲಿ ಬರುವ ಲೇಖನದ ಹೆಸರು) 200 ಅಕ್ಷರಕ್ಕೆ ಮೊಟಕಾಗುತ್ತದೆ, ಅಂದರೆ ಕನ್ನಡದ ಸುಮಾರು 22 ಚಿಹ್ನೆ. ಉದ್ದ ಶೀರ್ಷಿಕೆಯ ಸ್ಲಗ್ ನಡುವೆಯೇ ತುಂಡಾಗಿರುತ್ತದೆ. ಯಾರಾದರೂ ಪೂರ್ತಿ ಶೀರ್ಷಿಕೆಯ ಲಿಂಕ್ ಕೈಯಾರೆ ಬರೆದು ಹಂಚಿದರೆ 404 ಬೀಳುವುದುಂಟು, ಮತ್ತು ವರ್ಡ್‌ಪ್ರೆಸ್‌ನಲ್ಲಿ 404 ಅಗ್ಗದ್ದಲ್ಲ. ಪುಟ ಇಲ್ಲ ಎಂದು ಹೇಳುವುದಕ್ಕೂ ಪಿಎಚ್‌ಪಿ, ಡೇಟಾಬೇಸ್ ಎರಡೂ ಓಡಬೇಕು. ಸ್ಲಗ್ ಅನ್ನು ಚಿಕ್ಕದಾಗಿ ನೀವೇ ಬರೆಯುವುದು ಒಳ್ಳೆಯದು.

ಹುಡುಕಾಟದ ಬಾಟ್‌ಗಳು, ಈಗಿನ ಎಐ ಬಾಟ್‌ಗಳು ದಿನಾಂಕವಾರು ಪುಟಗಳಲ್ಲಿ ಸಿಕ್ಕಿಬೀಳುತ್ತವೆ. ಧಾರಣೆ ಸೈಟ್‌ನಲ್ಲಿ "ಹಿಂದಿನ ದಿನ" ಎಂಬ ಲಿಂಕ್ ಇದ್ದು, ದಾಖಲೆ ಇಲ್ಲದ ದಿನಕ್ಕೂ ಖಾಲಿ ಪುಟ ಕೊಡುತ್ತಿದ್ದರೆ ಬಾಟ್ 1970ರವರೆಗೂ ನಡೆಯುತ್ತದೆ, ಪ್ರತಿ ಪುಟಕ್ಕೂ ಒಂದು ಕ್ವೆರಿ. ದಾಖಲೆ ಶುರುವಾದ ದಿನದ ಹಿಂದೆ ಲಿಂಕ್ ಕೊಡಬೇಡಿ. ರೋಬೋಟ್ಸ್ ಫೈಲ್‌ನಲ್ಲಿ (ಬಾಟ್‌ಗಳಿಗೆ ಸೂಚನೆ ಬರೆಯುವ ಫೈಲ್) ಹುಡುಕಾಟದ ಪುಟಗಳನ್ನು ಮುಚ್ಚಿ. ಕ್ರಾಲ್ ಡಿಲೇ (ಎರಡು ಭೇಟಿಗಳ ನಡುವಿನ ಅಂತರ) ಬರೆದರೆ ಬಿಂಗ್ ಕೇಳುತ್ತದೆ, ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೂಗಲ್‌ಬಾಟ್ ಎಂದು ಹೆಸರು ಹೇಳಿಕೊಂಡು ಬಂದವರೆಲ್ಲ ಗೂಗಲ್ ಅಲ್ಲ. ಐಪಿಯನ್ನು ಹೋಸ್ಟ್ ಕಮಾಂಡ್‌ಗೆ ಕೊಟ್ಟು, ಬಂದ ಹೆಸರನ್ನು ಮತ್ತೆ ಐಪಿಗೆ ತಿರುಗಿಸಿ ತಾಳೆ ನೋಡಿ.

ಡಬ್ಲ್ಯುಪಿ-ಕ್ರಾನ್ ಬಗ್ಗೆ ಎರಡೇ ಮಾತು. ಅದು ಭೇಟಿ ಕೊಟ್ಟವರ ಬೆನ್ನ ಮೇಲೆ ಓಡುವ ಕ್ರಾನ್. ಡಬ್ಲ್ಯುಪಿ-ಕಾನ್ಫಿಗ್‌ನಲ್ಲಿ ಡಿಸೇಬಲ್ ಡಬ್ಲ್ಯುಪಿ ಕ್ರಾನ್ ಟ್ರೂ ಮಾಡಿ, ಸಿಸ್ಟಂ ಕ್ರಾನ್‌ನಿಂದ 5 ನಿಮಿಷಕ್ಕೊಮ್ಮೆ ಓಡಿಸಿ.

ಡೇಟಾಬೇಸ್ ಕಡೆ ಬಂದರೆ, ಶೋ ಫುಲ್ ಪ್ರೊಸೆಸ್‌ಲಿಸ್ಟ್‌ನಲ್ಲಿ ಒಂದೇ ಕ್ವೆರಿ ಹತ್ತಾರು ಸಲ ಕಂಡರೆ ಕಳ್ಳ ಸಿಕ್ಕಂತೆ. ಇಲ್ಲದಿದ್ದರೆ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ. ಲಾಂಗ್ ಕ್ವೆರಿ ಟೈಮ್ ಡೀಫಾಲ್ಟ್ 10 ಸೆಕೆಂಡ್ ಇರುತ್ತದೆ, 1ಕ್ಕೆ ಇಳಿಸಿ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಧಾರಣೆಯ ಟೇಬಲ್‌ನಲ್ಲಿ ನಾಲ್ಕು ಲಕ್ಷ ಸಾಲು, ಮಾರುಕಟ್ಟೆ, ಸರಕು, ಸಮಯ, ಕನಿಷ್ಠ, ಗರಿಷ್ಠ, ಮಾದರಿ ದರ ಎಂಬ ಕಾಲಂಗಳು. ಸಮಯದ ಮೇಲೆ ಇಂಡೆಕ್ಸ್ ಇದೆ. ಕ್ವೆರಿ ಬರೆದವರು "ಡೇಟ್(ಸಮಯ) = '2025-11-14'" ಎಂದು ಬರೆದಿದ್ದಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ಓಡುತ್ತದೆ ಎಂದು ತೋರಿಸುವ ಕಮಾಂಡ್) ಹಾಕಿದರೆ ಟೈಪ್ ಕಾಲಂನಲ್ಲಿ ಆಲ್, ಅಂದರೆ ಇಡೀ ಟೇಬಲ್, ರೋಸ್ ಕಾಲಂನಲ್ಲಿ ಲಕ್ಷಗಟ್ಟಲೆ. ಇಂಡೆಕ್ಸ್ ಇದ್ದೂ ಯಾಕೆ? ಇಂಡೆಕ್ಸ್‌ನಲ್ಲಿ ಸಮಯವನ್ನು ಜೋಡಿಸಿಟ್ಟಿದೆ, ಡೇಟ್ ಫಂಕ್ಷನ್‌ನ ಫಲಿತಾಂಶವನ್ನಲ್ಲ. ನಾಲ್ಕು ಲಕ್ಷ ಸಾಲಿಗೂ ಫಂಕ್ಷನ್ ಓಡಿಸಿಯೇ ಹೋಲಿಸಬೇಕು. ಅಷ್ಟೂ ಸಾಲು ಮೆಮೊರಿಯಲ್ಲೇ ಇರುವುದರಿಂದ ಡಿಸ್ಕ್ ಸುಮ್ಮನಿರುತ್ತದೆ, ಸಿಪಿಯು ಮಾತ್ರ ಉರಿಯುತ್ತದೆ. "ಸಮಯ >= '2025-11-14' ಮತ್ತು ಸಮಯ < '2025-11-15'" ಎಂದು ತಿದ್ದಿ, ಮಾರುಕಟ್ಟೆ, ಸರಕು, ಸಮಯ ಇದೇ ಕ್ರಮದಲ್ಲಿ ಒಂದು ಜಂಟಿ ಇಂಡೆಕ್ಸ್ ಕಟ್ಟಿದರೆ ಟೈಪ್ ರೇಂಜ್ ಆಗುತ್ತದೆ, ನೋಡುವ ಸಾಲು ಕೆಲವೇ ಕೆಲವು. ಸಮನಾಗಿ ಹೋಲಿಸುವ ಕಾಲಂಗಳು ಮೊದಲು, ವ್ಯಾಪ್ತಿಯದ್ದು ಕೊನೆಗೆ. ಕ್ರಮ ತಿರುವುಮುರುವಾದರೆ ಇಂಡೆಕ್ಸ್‌ನ ಅರ್ಧ ಬಲವೂ ಸಿಗದು. ದೊಡ್ಡ ಟೇಬಲ್‌ಗೆ ಇಂಡೆಕ್ಸ್ ಕಟ್ಟುವುದೇ ಸಿಪಿಯು ತಿನ್ನುವ ಕೆಲಸ, ರಾತ್ರಿ ಮಾಡಿ.

"ಲೈಕ್ '%ಹತ್ತಿ%'" ಎಂಬ ಹುಡುಕಾಟಕ್ಕೂ ಇಂಡೆಕ್ಸ್ ನೆರವಾಗದು, ಮುಂದೆ ಶೇಕಡಾ ಚಿಹ್ನೆ ಇದೆಯಲ್ಲ. ವರ್ಡ್‌ಪ್ರೆಸ್‌ನ ಮೂಲ ಹುಡುಕಾಟ ಹೀಗೇ ಕೆಲಸ ಮಾಡುತ್ತದೆ. ಸರಕಿನ ಹೆಸರುಗಳು ನಲವತ್ತೋ ಐವತ್ತೋ ಇದ್ದರೆ ಹುಡುಕಾಟದ ಪೆಟ್ಟಿಗೆಯ ಬದಲು ಪಟ್ಟಿಯಿಂದ ಆರಿಸುವಂತೆ ಮಾಡಿ, ಸರಕಿನ ಸಂಖ್ಯೆಯಿಂದ ಹುಡುಕಿ. ಹಳೆಯ ಟೇಬಲ್ ಯುಟಿಎಫ್8, ಹೊಸದು ಯುಟಿಎಫ್8ಎಂಬಿ4 ಆಗಿದ್ದು ಎರಡನ್ನೂ ಅಕ್ಷರದ ಕಾಲಂ ಮೇಲೆ ಜಾಯಿನ್ ಮಾಡಿದರೂ ಇಂಡೆಕ್ಸ್ ಕೈಕೊಡಬಹುದು. ಎರಡನ್ನೂ ಎಂಬಿ4ಗೆ ತನ್ನಿ.

ಪಿಎಚ್‌ಪಿ-ಎಫ್‌ಪಿಎಂನಲ್ಲಿ ಸ್ಲೋಲಾಗ್ ಎಂಬ ಸೌಲಭ್ಯ ಇದೆ, ಬಳಸುವವರು ಕಡಿಮೆ. ರಿಕ್ವೆಸ್ಟ್ ಸ್ಲೋಲಾಗ್ ಟೈಮ್‌ಔಟ್ 5 ಸೆಕೆಂಡ್ ಇಟ್ಟರೆ ಅದಕ್ಕಿಂತ ಎಳೆದ ಪ್ರತಿ ರಿಕ್ವೆಸ್ಟ್ ಯಾವ ಪ್ಲಗಿನ್‌ನ ಯಾವ ಫೈಲ್‌ನ ಎಷ್ಟನೇ ಸಾಲಿನಲ್ಲಿ ನಿಂತಿತ್ತು ಎಂದು ಬರೆದಿಡುತ್ತದೆ. ಪ್ಲಗಿನ್‌ಗಳನ್ನು ಒಂದೊಂದಾಗಿ ಬಂದ್ ಮಾಡಿ ನೋಡುವ ಹಳೆಯ ಪದ್ಧತಿಗಿಂತ ಇದು ಸಾವಿರ ಪಾಲು ವಾಸಿ. ಮ್ಯಾಕ್ಸ್ ಚಿಲ್ಡ್ರನ್ (ಒಟ್ಟಿಗೆ ಓಡಬಹುದಾದ ಪಿಎಚ್‌ಪಿ ಪ್ರೊಸೆಸ್‌ಗಳ ಮಿತಿ) ಸಂಖ್ಯೆಯನ್ನು ಲೆಕ್ಕ ಹಾಕಿಯೇ ಇಡಿ: 2 ಜಿಬಿ ಮೆಷಿನ್‌ನಲ್ಲಿ ಡೇಟಾಬೇಸ್ ಮತ್ತು ಸಿಸ್ಟಂಗೆ 1 ಜಿಬಿ ಬಿಟ್ಟು, ಒಂದು ಪಿಎಚ್‌ಪಿ ಪ್ರೊಸೆಸ್ 80 ಎಂಬಿ ತಿನ್ನುತ್ತಿದ್ದರೆ 12. ಲಾಗ್‌ನಲ್ಲಿ "ಮ್ಯಾಕ್ಸ್ ಚಿಲ್ಡ್ರನ್ ಮುಟ್ಟಿದೆ" ಎಂಬ ಎಚ್ಚರಿಕೆ ಕಂಡು 50ಕ್ಕೆ ಏರಿಸಿದರೆ ಎರಡು ಕೋರ್‌ಗೆ ಐವತ್ತು ಜನ ಜಗ್ಗಾಡುತ್ತಾರೆ, ಮೆಮೊರಿ ಮುಗಿದು ಕೆಸ್ವಾಪ್‌ಡಿ ಏಳುತ್ತದೆ. ಆಪ್‌ಕ್ಯಾಶ್ (ಕಂಪೈಲ್ ಆದ ಪಿಎಚ್‌ಪಿ ಕೋಡ್ ಇಡುವ ಜಾಗ) ತುಂಬಿಲ್ಲವೇ ಎಂಬುದನ್ನೂ ನೋಡಿ. ಜಾಗ ಸಾಲದಿದ್ದರೆ ಪ್ರತಿ ಸಲ ಕೋಡ್ ಹೊಸದಾಗಿ ಕಂಪೈಲ್ ಆಗುತ್ತದೆ.

ಜನರೇ ಬಂದು ತುಂಬಿದ ದಿನಗಳೂ ಇರುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಂಥ ಸುದ್ದಿಯಿದ್ದರೆ ಎಲ್ಲರೂ ಒಂದೇ ಪುಟವನ್ನು ಮತ್ತೆಮತ್ತೆ ತೆರೆಯುತ್ತಾರೆ. ಇದಕ್ಕೆ ಮದ್ದು ಎಂಜಿನ್‌ಎಕ್ಸ್‌ನ ಫಾಸ್ಟ್‌ಸಿಜಿಐ ಕ್ಯಾಶ್ (ಪಿಎಚ್‌ಪಿ ಕೊಟ್ಟ ಪುಟವನ್ನು ಇಟ್ಟುಕೊಂಡು ಮತ್ತೆ ಕೊಡುವುದು), ಅದೂ ಒಂದೇ ನಿಮಿಷದ್ದು ಸಾಕು. ಸೆಕೆಂಡಿಗೆ 50 ಭೇಟಿ ಬಂದರೆ ನಿಮಿಷಕ್ಕೆ 3000. ಕ್ಯಾಶ್ ಇದ್ದರೆ ಪಿಎಚ್‌ಪಿ ಓಡುವುದು ಒಂದು ಸಲ. ಕ್ಯಾಶ್ ಲಾಕ್ ಆನ್ ಇರಲಿ, ಕ್ಯಾಶ್ ಯೂಸ್ ಸ್ಟೇಲ್‌ಗೆ ಅಪ್‌ಡೇಟಿಂಗ್ ಕೊಡಿ, ಇಲ್ಲದಿದ್ದರೆ ಅವಧಿ ಮುಗಿದ ಕ್ಷಣ ಐವತ್ತೂ ಜನ ಒಟ್ಟಿಗೆ ಪಿಎಚ್‌ಪಿ ಬಾಗಿಲು ಬಡಿಯುತ್ತಾರೆ. ಲಾಗಿನ್ ಕುಕಿ ಇರುವವರ ಪುಟ ಮತ್ತು ಅಂಗಡಿ ಸೈಟ್‌ನ ಕಾರ್ಟ್ ಪುಟ ಕ್ಯಾಶ್‌ಗೆ ಹೋಗಬಾರದು. ಫೇಸ್‌ಬುಕ್‌ನಿಂದ ಬರುವ ಲಿಂಕ್‌ಗಳ ಬಾಲಕ್ಕೆ ಎಫ್‌ಬಿಸಿಎಲ್‌ಐಡಿ ಎಂಬ ಬೇರೆ ಬೇರೆ ಕೋಡ್ ಅಂಟಿರುತ್ತದೆ. ಕ್ಯಾಶ್ ಕೀಯಲ್ಲಿ ಅದನ್ನು ತೆಗೆಯದಿದ್ದರೆ ಪ್ರತಿ ಭೇಟಿಯೂ ಹೊಸ ಪುಟವೆಂದೇ ಲೆಕ್ಕ, ಕ್ಯಾಶ್ ಇದ್ದೂ ಇಲ್ಲದಂತೆ.

ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ (ವೆಬ್ ಸರ್ವಿಸ್‌ಗಳು ಓಡುವ) ಬಳಕೆದಾರನ ಹೆಸರಲ್ಲಿ ಪಿಎಚ್‌ಪಿ ಅಲ್ಲದ ಪ್ರೊಸೆಸ್ ಕೋರ್‌ಗಳನ್ನು ಪೂರ್ತಿ ತಿನ್ನುತ್ತಿದ್ದರೆ ಅದು ಕ್ರಿಪ್ಟೊ ಮೈನರ್ (ನಿಮ್ಮ ಸಿಪಿಯು ಕದ್ದು ಕ್ರಿಪ್ಟೊ ಹಣ ಗಳಿಸುವ ಪ್ರೋಗ್ರಾಂ) ಆಗಿರಬಹುದು. ಕೆಡೆವ್‌ಟಿಎಂಪಿಎಫ್‌ಎಸ್‌ಐ, ಕಿನ್ಸಿಂಗ್ ಎಂಬ ಹೆಸರುಗಳು ಕಂಡರೆ ಅನುಮಾನವೇ ಬೇಡ. ಕೆಲವು ಕೆವರ್ಕರ್ ಎಂದು ಕರ್ನಲ್‌ನ ಹೆಸರು ಹಾಕಿಕೊಂಡಿರುತ್ತವೆ. ಪ್ರಾಕ್ ಫೋಲ್ಡರ್‌ನಲ್ಲಿ ಆ ಪ್ರೊಸೆಸ್ ಸಂಖ್ಯೆಯ ಇಎಕ್ಸ್‌ಇ ಲಿಂಕ್ ನೋಡಿ, ನಿಜವಾದ ಕರ್ನಲ್ ಥ್ರೆಡ್‌ಗೆ ಅದು ಎಲ್ಲಿಗೂ ಹೋಗುವುದಿಲ್ಲ, ಮೈನರ್‌ನದು ಟಿಎಂಪಿಯಲ್ಲಿರುವ ಯಾವುದೋ ಫೈಲ್‌ಗೆ ಹೋಗುತ್ತದೆ. ಕಿಲ್ ಮಾಡಿದರೆ ಕ್ರಾನ್‌ಟ್ಯಾಬ್ ಮತ್ತೆ ಎಬ್ಬಿಸುತ್ತದೆ. ಇಂಥ ಮೆಷಿನ್ ತೊಳೆದು ಬಳಸುವುದು ಬೇಡ. ಹೊಸ ಸರ್ವರ್ ಕಟ್ಟಿ, ಸೋಂಕಿಗೆ ಮುಂಚಿನ ಬ್ಯಾಕಪ್ ತನ್ನಿ, ಎಲ್ಲ ಪಾಸ್‌ವರ್ಡ್ ಬದಲಿಸಿ, ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡದಂತೆ ಮಾಡಿ.

ಸರ್ವರ್ ಬಾಡಿಗೆಯದ್ದಲ್ಲದೆ ಗಿರಣಿ ಆಫೀಸಿನ ಮೂಲೆಯಲ್ಲೇ ಇದ್ದರೆ ಮುಚ್ಚಳ ಬಿಚ್ಚಿ ನೋಡಿ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಹೊಟ್ಟಿನ ಧೂಳು, ರಾಯಚೂರಿನ ಜಿನ್ನಿಂಗ್ ಘಟಕಗಳಲ್ಲಿ ಹತ್ತಿಯ ಎಳೆ, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು ಹೀಟ್‌ಸಿಂಕ್‌ನ (ಚಿಪ್‌ನ ಬಿಸಿ ಹೊರಹಾಕುವ ಲೋಹದ ಭಾಗ) ಸಂದಿಗಳಲ್ಲಿ ಕಂಬಳಿಯಂತೆ ಕೂರುತ್ತದೆ. ಹೊರಗೆ 40 ಡಿಗ್ರಿ ದಾಟಿದ ಮೇ ತಿಂಗಳಲ್ಲಿ ಚಿಪ್ 100ರ ಹತ್ತಿರ ಹೋಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೆಲಸ ಅಷ್ಟೇ, ವೇಗ ಕಡಿಮೆ, ಆದ್ದರಿಂದ ಸಿಪಿಯು ಶೇಕಡಾ ಏರಿ ಕಾಣುತ್ತದೆ. ಡಿಮೆಸೇಜ್‌ನಲ್ಲಿ ಕ್ಲಾಕ್ ಥ್ರಾಟಲ್ ಎಂಬ ಸಾಲುಗಳು, ಸೆನ್ಸರ್ಸ್ ಕಮಾಂಡ್‌ನಲ್ಲಿ ಉಷ್ಣಾಂಶ ನೋಡಿದರೆ ಖಾತ್ರಿ. ಕರೆಂಟ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆಯಿರಿ. ಹಿಡಿಯದೆ ಹೊಡೆದರೆ ಫ್ಯಾನ್ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ಬಿಚ್ಚಿದರೆ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಿ.

ಏನೇ ತಿದ್ದಿದರೂ ಒಂದು ಸಲಕ್ಕೆ ಒಂದೇ ತಿದ್ದಿ, ಸಿಸ್‌ಸ್ಟ್ಯಾಟ್ (ಸಿಪಿಯು ಬಳಕೆಯನ್ನು ದಾಖಲಿಸಿಡುವ ಸಾಫ್ಟ್‌ವೇರ್) ಹಾಕಿಡಿ. ಡೆಬಿಯನ್, ಉಬುಂಟುವಿನಲ್ಲಿ ಅದನ್ನು ಇನ್‌ಸ್ಟಾಲ್ ಮಾಡಿದ ಮೇಲೆ ಇಟಿಸಿ ಒಳಗಿನ ಡೀಫಾಲ್ಟ್ ಫೋಲ್ಡರ್‌ನ ಸಿಸ್‌ಸ್ಟ್ಯಾಟ್ ಫೈಲ್‌ನಲ್ಲಿ ಎನೇಬಲ್ಡ್ ಟ್ರೂ ಇದೆಯೇ ನೋಡಿ. ಆಗ 10 ನಿಮಿಷಕ್ಕೊಮ್ಮೆ ದಾಖಲೆ ಬೀಳುತ್ತದೆ, ಮರುದಿನ ಸಾರ್ -ಯು ಹೊಡೆದು ಅದೇ ಹೊತ್ತಿನ ಲೆಕ್ಕವನ್ನು ಹೋಲಿಸಬಹುದು. ಬಾಟ್ ತಡೆದು, ಇಂಡೆಕ್ಸ್ ಕಟ್ಟಿ, ಕ್ಯಾಶ್ ಹಾಕಿದ ಮೇಲೂ ಸಂತೆಯ ಹೊತ್ತಿನಲ್ಲಿ ಯುಎಸ್ 85ರ ಮೇಲೇ ನಿಲ್ಲುತ್ತಿದ್ದರೆ ದೊಡ್ಡ ಪ್ಲಾನ್ ಖಂಡಿತ ತೆಗೆದುಕೊಳ್ಳಿ. ಅದನ್ನು ಡ್ಯಾಂ ತುಂಬುವ ಜುಲೈ, ಆಗಸ್ಟ್‌ಗೋ ಹತ್ತಿ ಬರುವ ನವೆಂಬರ್‌ಗೋ ಬಿಡದೆ ಜೂನ್ ಮೊದಲ ವಾರದಲ್ಲೇ ಮಾಡಿ ಮುಗಿಸಿ. ಮೆಷಿನ್ ಎದ್ದ ಮೇಲೆ ಎನ್‌ಪ್ರಾಕ್ ನಾಲ್ಕು ತೋರಿಸುತ್ತದೆಯೇ ನೋಡಿ, ಮ್ಯಾಕ್ಸ್ ಚಿಲ್ಡ್ರನ್ ಲೆಕ್ಕವನ್ನು ಹೊಸ ಮೆಮೊರಿಗೆ ಮತ್ತೆ ಹಾಕಿ.